ನೆಂಟರ ಜೊತೆ ನಮ್ಮ ಡಿಎನ್ಎ ಎಷ್ಟು ಹೊಂದುತ್ತದೆ? ಸೋದರಿಕೆ ಇರುವ ಮನೆಗಳಿಗೆ ಒಂದು ಲೆಕ್ಕ

ನಮ್ಮಜ್ಜಿ ಹುಟ್ಟಿದ ಊರು ಈಗ ಹೇಮಾವತಿ ಹಿನ್ನೀರಿನ ಕೆಳಗಿದೆ. ಗೊರೂರಿನ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ನೀರು ಬರುವ ಮುಂಚೆಯೇ ಊರಿನವರು ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದರು. ಕೆಲವರು ಆಲೂರು ಕಡೆ, ಕೆಲವರು ಅರಕಲಗೂಡು ಕಡೆ, ಇನ್ನು ಕೆಲವರು ಮೂಡಿಗೆರೆಯ ಕಾಫಿ ತೋಟಗಳಿಗೆ. ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಲು ಹಾಸನದಿಂದ ಜನ ಹೋಗುತ್ತಾರೆ. ನಾವೂ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆವು. ಅವರು ನೀರಿನ ಕಡೆ ನೋಡುತ್ತಾ, “ನಮ್ ಚಿಕ್ಕಮ್ಮನ ಮನೆಯೋರು ಎತ್ಲಾಗೆ ಹೋದ್ರೋ ಏನೋ” ಅಂದರು.

ಆ ಮಾತು ಹಿಡಿದುಕೊಂಡೇ ನಾನು ಡಿಎನ್ಎ ಪರೀಕ್ಷೆಗೆ ಕೈ ಹಾಕಿದ್ದು. ರಿಪೋರ್ಟ್ ಬಂತು. ಗೊತ್ತಿಲ್ಲದ ನೂರಾರು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಅಂಕಿ. ಆ ಅಂಕಿ ಇಟ್ಟುಕೊಂಡು ಸಂಬಂಧ ಹೇಳುವ ಚಾರ್ಟುಗಳೂ ಸಿಕ್ಕವು. ಆದರೆ ಆ ಚಾರ್ಟುಗಳು ಕೊಂಬೆಗಳು ಮತ್ತೆ ಕೂಡದ ವಂಶದ ಮರಗಳಿಗೆ, ಅಂದರೆ ನೆಂಟರೊಳಗೆ ಮದುವೆಯಾಗದ ಮನೆಗಳಿಗೆ, ಮಾಡಿದವು. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುತ್ತಾರೆ, ಸೋದರಮಾವನ ಮಗಳನ್ನು ತಂದುಕೊಳ್ಳುತ್ತಾರೆ, ಒಂದೇ ಮನೆಗೆ ಎರಡು ಮೂರು ಸಲ ಕೊಟ್ಟು ತಂದು ಮಾಡಿರುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಸುಮಾರು 27% ಮದುವೆಗಳು ರಕ್ತಸಂಬಂಧದೊಳಗೇ ಆದವು. ಇಂಥ ಮನೆಯವರು ಚಾರ್ಟನ್ನು ಇದ್ದ ಹಾಗೇ ಓದಿದರೆ ದೂರದ ನೆಂಟರು ಹತ್ತಿರದವರಂತೆ ಕಾಣುತ್ತಾರೆ. ನಾನು ಇದನ್ನು ಅರ್ಥ ಮಾಡಿಕೊಳ್ಳಲು ತುಂಬಾ ದಿನ ತೆಗೆದುಕೊಂಡೆ. ನಿಮಗೆ ಅಷ್ಟು ದಿನ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಗದ, ಪೆನ್ನು

ಕಿಟ್ ತರಿಸುವ ಮುಂಚೆ ಮನೆಯ ಮರ ಬರೆಯಿರಿ. ಕಡಿಮೆ ಅಂದರೂ ಮುತ್ತಾತ, ಮುತ್ತಜ್ಜಿಯವರೆಗೆ. ಇಲ್ಲಿ ಒಂದು ಎಚ್ಚರ ಬೇಕು. ನಾವು ‘ಅಣ್ಣ’ ಅಂದರೆ ಒಡಹುಟ್ಟಿದ ಅಣ್ಣನೂ ಹೌದು, ದೊಡ್ಡಪ್ಪನ ಮಗನೂ ಹೌದು, ದೊಡ್ಡಮ್ಮನ ಮಗನೂ ಹೌದು. ‘ತಾತ’ ಅಂದರೆ ತಾತನ ತಮ್ಮನೂ ಆಗಬಹುದು. ಡಿಎನ್ಎ ಲೆಕ್ಕಕ್ಕೆ ಕರೆಯುವ ಹೆಸರು ಸಾಲದು, ದಾರಿ ಬೇಕು. “ಅಮ್ಮನ ಅಮ್ಮನ ತಂಗಿಯ ಮಗ” ಎಂದು ಬಿಡಿಸಿ ಬರೆಯಿರಿ. ಇನ್ನೊಂದು ಮಾತು: ಚಿಕ್ಕಪ್ಪನ ಮಗ ನಮಗೆ ತಮ್ಮ, ಸೋದರತ್ತೆಯ ಮಗ ಭಾವ. ಸಂಬಂಧ ಬೇರೆ, ಆದರೆ ಇಬ್ಬರ ಜೊತೆಗೂ ಹಂಚಿಕೊಳ್ಳುವ ಡಿಎನ್ಎ ಸರಾಸರಿಯಲ್ಲಿ ಒಂದೇ.

ಹೆಸರುಗಳನ್ನು ಎಲ್ಲಿಂದ ತರುವುದು? ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಊರಿನ ಹೆಸರು ಸಮೇತ ಬರೆದಿಟ್ಟ ಆ ಹಳೇ ನೋಟ್‌ಬುಕ್ಕು ಟ್ರಂಕಿನ ತಳದಲ್ಲಿ ಇರುತ್ತದೆ, ಹುಡುಕಿ. ನೆಂಟರು ಯಾರು, ಯಾವ ಊರಿನವರು ಎಂಬುದು ಅದರಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಲಗ್ನಪತ್ರಿಕೆಗಳನ್ನೂ ಎತ್ತಿಟ್ಟುಕೊಳ್ಳಿ. ಜಮೀನಿದ್ದವರು ಹಳೇ ಪಹಣಿ, ಪೌತಿ ಖಾತೆಯ ಕಾಗದ, ನಾಡಕಚೇರಿಯಲ್ಲಿ ಮಾಡಿಸಿದ ವಂಶವೃಕ್ಷ ನೋಡಿ. ಆದರೆ ಹಳೇ ಜಮೀನಿನ ಕಾಗದಗಳಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಆ ಹೆಸರುಗಳನ್ನು ಹಿರಿಯರ ಬಾಯಿಂದಲೇ ಕೇಳಬೇಕು. ಹೆಳವರು ಬರುವ ಊರಾದರೆ ಅವರನ್ನು ಕೂರಿಸಿಕೊಂಡು ನಿಮ್ಮ ವಂಶಾವಳಿ ಹೇಳಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತಲೆಮಾರುಗಳಿಂದ ಮನೆಮನೆಯ ಹೆಸರು ಹೊತ್ತು ತಂದವರು ಅವರು.

ಬರೆದಾದ ಮೇಲೆ ಕೆಂಪು ಪೆನ್ನು ತೆಗೆದುಕೊಳ್ಳಿ. ಸೋದರಿಕೆಯಲ್ಲಿ ಆದ ಪ್ರತಿ ಮದುವೆಗೂ ಕೆಂಪು ಗೆರೆ ಎಳೆಯಿರಿ. ಮುಂದಿನ ಲೆಕ್ಕವೆಲ್ಲ ಈ ಕೆಂಪು ಗೆರೆಗಳ ಮೇಲೆ ನಿಂತಿದೆ.

ಯಾರಿಗೆ ಪರೀಕ್ಷೆ ಮಾಡಿಸಬೇಕು?

ಮನೆಯಲ್ಲಿ ಎಲ್ಲರಿಗಿಂತ ಹಿರಿಯರಿಗೆ. ಒಂದೇ ಕಿಟ್‌ಗೆ ದುಡ್ಡಿದ್ದರೆ ನಿಮ್ಮದು ಬಿಟ್ಟು ಅಜ್ಜಿಯದು ಮಾಡಿಸಿ. ಹಳೇ ಸಂಬಂಧಕ್ಕೆ ಅವರು ನಿಮಗಿಂತ ಎರಡು ತಲೆಮಾರು ಹತ್ತಿರ. ನಿಮ್ಮ ಬಳಿ ಉಳಿದಿರದ ತುಂಡುಗಳು ಅವರಲ್ಲಿ ಇರುತ್ತವೆ.

ಎಂಜಲು ತುಂಬಿಸುವ ಕಿಟ್ ಇದೆ, ಕೆನ್ನೆಯ ಒಳಗೆ ಕಡ್ಡಿ ಉಜ್ಜುವ ಕಿಟ್ ಇದೆ. ಆನ್‌ಸೆಸ್ಟ್ರಿ ಕಂಪನಿಯದು ಎಂಜಲಿನದು, ಮೈಹೆರಿಟೇಜ್ ಮತ್ತು ಫ್ಯಾಮಿಲಿಟ್ರೀಡಿಎನ್ಎ ಕಂಪನಿಗಳವು ಕಡ್ಡಿಯವು. ವಯಸ್ಸಾದವರಿಗೆ ಬಾಯಿ ಒಣಗಿರುತ್ತದೆ, ಅವರಿಗೆ ಕಡ್ಡಿಯೇ ಸುಲಭ. ಎಲೆ ಅಡಿಕೆ ಹಾಕುವ ಅಜ್ಜಿಯಾದರೆ ಚೆನ್ನಾಗಿ ಬಾಯಿ ಮುಕ್ಕಳಿಸಿದ ಮೇಲೆ ಅರ್ಧ ಗಂಟೆ ಏನೂ ಕೊಡಬೇಡಿ, ಕಾಫಿಯನ್ನೂ ಸಹ. ಬೆಳಿಗ್ಗೆ ಎದ್ದ ಕೂಡಲೇ ಮಾಡಿಸಿದರೆ ಈ ತೊಂದರೆಯೇ ಇಲ್ಲ. ಯಾವ ಕಂಪನಿ ನಿಮ್ಮ ವಿಳಾಸಕ್ಕೆ ಕಿಟ್ ಕಳಿಸುತ್ತದೆ ಎಂದು ದುಡ್ಡು ಕಟ್ಟುವ ಮೊದಲೇ ನೋಡಿಕೊಳ್ಳಿ.

ಸೆಂಟಿಮಾರ್ಗನ್ ಅಂದರೆ

ರಿಪೋರ್ಟಿನ ಅಂಕಿ ಇರುವುದು ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ. ಹಣ್ಣಿನ ನೊಣಗಳ ಮೇಲೆ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ ಅವರ ಹೆಸರು ಅದು.

ಹೂವಿನ ಮಾಲೆ ನೆನೆಸಿಕೊಳ್ಳಿ. ನಿಮ್ಮ ಅಮ್ಮನ ಹತ್ತಿರ ಎರಡು ಮಾಲೆ ಇವೆ. ಅವರ ಅಪ್ಪ ಕೊಟ್ಟ ಮಲ್ಲಿಗೆ ಮಾಲೆ, ಅವರ ಅಮ್ಮ ಕೊಟ್ಟ ಕನಕಾಂಬರದ ಮಾಲೆ. ನಿಮಗೆ ಕೊಡಬೇಕಾದದ್ದು ಒಂದೇ ಮಾಲೆ. ಹಾಗಾಗಿ ಎರಡನ್ನೂ ಅಲ್ಲಲ್ಲಿ ಕತ್ತರಿಸಿ, ಸೇರಿಸಿ, ಅಷ್ಟೇ ಉದ್ದದ ಒಂದು ಮಾಲೆ ಕಟ್ಟಿ ಕೊಡುತ್ತಾರೆ. ನಿಮ್ಮ ತಂಗಿಗೆ ಕೊಡುವಾಗ ಬೇರೆ ಜಾಗದಲ್ಲಿ ಕತ್ತರಿ ಬೀಳುತ್ತದೆ. ಒಂದು ತಲೆಮಾರಿನಲ್ಲಿ ಕತ್ತರಿ ಬೀಳುವ ಸಾಧ್ಯತೆ ನೂರಕ್ಕೆ ಒಂದು ಇರುವಷ್ಟು ಉದ್ದವೇ ಒಂದು ಸೆಂಟಿಮಾರ್ಗನ್. ಉದ್ದದ ತುಂಡು ಹೆಚ್ಚು ತಲೆಮಾರು ತುಂಡಾಗದೆ ಉಳಿಯುವುದು ಕಷ್ಟ. ಆದ್ದರಿಂದ ಇಬ್ಬರಲ್ಲಿ ಉದ್ದದ ಒಂದೇ ತುಂಡು ಹೊಂದಿದರೆ ಸಂಬಂಧ ಹತ್ತಿರದ್ದು.

ಸೋದರಿಕೆ ಇಲ್ಲದಿದ್ದರೆ ಬರುವ ಅಂಕಿಗಳು

ಬ್ಲೇನ್ ಬೆಟ್ಟಿಂಗರ್ ಎಂಬವರು ಜನರಿಂದ ಗೊತ್ತಿರುವ ಸಂಬಂಧಗಳ ಅಂಕಿ ಕೇಳಿ ಕೂಡಿಸಿದ್ದಾರೆ. ಅದಕ್ಕೆ ಶೇರ್ಡ್ ಸೆಂಟಿಮಾರ್ಗನ್ ಪ್ರಾಜೆಕ್ಟ್ ಎಂದು ಹೆಸರು. 2020ರ ಆವೃತ್ತಿಯಲ್ಲಿ ಸುಮಾರು 60,000 ಜೋಡಿಗಳ ಲೆಕ್ಕವಿದೆ. ಕೆಳಗಿನ ಸರಾಸರಿಗಳು ಅದರವು.

ಅಪ್ಪ ಅಥವಾ ಅಮ್ಮನ ಜೊತೆ 3485. ಕಂಪನಿ ಎಣಿಸುವ ರೀತಿಯ ಮೇಲೆ ಇದು 3400ರ ಹತ್ತಿರದಿಂದ 3700ರವರೆಗೆ ಬರುತ್ತದೆ. ಒಡಹುಟ್ಟಿದವರ ಜೊತೆ 2613. ಒಡಹುಟ್ಟಿದವರೂ ಸರಾಸರಿ ಅರ್ಧ ಹಂಚಿಕೊಳ್ಳುತ್ತಾರೆ, ಮತ್ತೇಕೆ ಕಡಿಮೆ? ಅಪ್ಪನ ಮಾಲೆ, ಅಮ್ಮನ ಮಾಲೆ ಎರಡೂ ಹೊಂದುವ ಜಾಗಗಳನ್ನು ಹೆಚ್ಚಿನ ಕಂಪನಿಗಳು ಒಂದೇ ಸಲ ಎಣಿಸುತ್ತವೆ, ಅದಕ್ಕೆ.

ಅದರ ಕೆಳಗೆ 1750ರ ಆಸುಪಾಸು. ಇಲ್ಲಿ ತಾತ ಅಜ್ಜಿ ಇದ್ದಾರೆ, ಸೋದರಮಾವ, ಚಿಕ್ಕಮ್ಮ, ಸೋದರತ್ತೆ ಇದ್ದಾರೆ, ಅಪ್ಪ ಅಥವಾ ಅಮ್ಮ ಒಬ್ಬರೇ ಆಗಿ ಇನ್ನೊಬ್ಬರು ಬೇರೆಯಾದ ಅಣ್ಣತಮ್ಮಂದಿರೂ ಇದ್ದಾರೆ. ಅಂಕಿ ಒಂದೇ. ವಯಸ್ಸು ಕೇಳದೆ ಇವರನ್ನು ಬೇರೆ ಮಾಡಲು ಆಗುವುದಿಲ್ಲ.

ಅಪ್ಪ ಅಮ್ಮನ ಒಡಹುಟ್ಟಿದವರ ಮಕ್ಕಳ ಜೊತೆ 866, ಆದರೆ 396ರಿಂದ 1397ರವರೆಗೂ ಕಂಡಿದೆ. ತಾತ ಅಜ್ಜಿಯ ಒಡಹುಟ್ಟಿದವರ ಮೊಮ್ಮಕ್ಕಳ ಜೊತೆ 229, ಇದು 41ರಿಂದ 592ರವರೆಗೆ. ಮುತ್ತಾತ ಮುತ್ತಜ್ಜಿಯ ಒಡಹುಟ್ಟಿದವರ ಮರಿಮಕ್ಕಳ ಜೊತೆ 73, ಅಥವಾ ಸೊನ್ನೆ. ಸೊನ್ನೆ ಅಂದರೆ ಸೊನ್ನೆಯೇ. ಈ ದೂರದ ನೆಂಟರಲ್ಲಿ ಸುಮಾರು ಹತ್ತರಲ್ಲಿ ಒಬ್ಬರ ಜೊತೆ ಏನೂ ಹೊಂದುವುದಿಲ್ಲ. ಇನ್ನೂ ಒಂದು ತಲೆಮಾರು ದೂರ ಹೋದರೆ ಅರ್ಧದಷ್ಟು ಜನರ ಜೊತೆ ಹೊಂದುವುದಿಲ್ಲ. ಹಾಗಾಗಿ ದೂರದವರು ಪಟ್ಟಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಸಂಬಂಧವೇ ಇಲ್ಲ ಅಂದುಕೊಳ್ಳಬೇಡಿ. ನಿಮಗೆ ಹೊಂದದವರು ನಿಮ್ಮ ತಮ್ಮನಿಗೆ ಹೊಂದಬಹುದು.

ಈಗ ಕೆಂಪು ಗೆರೆಗಳ ಲೆಕ್ಕ

ಸೂತ್ರ ಸರಳ: ಎಷ್ಟು ದಾರಿಯಲ್ಲಿ ಸಂಬಂಧವೋ ಅಷ್ಟೂ ದಾರಿಯ ಅಂಕಿ ಕೂಡಿಸಬೇಕು.

ನಮ್ಮ ಮನೆಯದೇ ಹೇಳುತ್ತೇನೆ. ಅಪ್ಪ ಮದುವೆಯಾದದ್ದು ತಮ್ಮ ಸೋದರಮಾವನ ಮಗಳನ್ನು. ಅಂದರೆ ನನ್ನ ಅಪ್ಪನ ಅಮ್ಮ ಮತ್ತು ನನ್ನ ಅಮ್ಮನ ಅಪ್ಪ ಒಡಹುಟ್ಟಿದವರು. ಬೇರೆಯವರಿಗೆ ಎಂಟು ಜನ ಮುತ್ತಾತ ಮುತ್ತಜ್ಜಿಯರಾದರೆ ನನಗೆ ಆರೇ ಜನ. ನನ್ನ ಮಾವನ ಮಗ ಅಮ್ಮನ ಕಡೆಯಿಂದ 866ರ ಸಂಬಂಧ. ಆದರೆ ನನ್ನ ಅಪ್ಪನೂ ಆ ಮಾವನೂ ಅತ್ತೆ, ಮಾವನ ಮಕ್ಕಳು. ಆ ದಾರಿಯಲ್ಲಿ ಇನ್ನೊಂದು 229. ಒಟ್ಟು 1095ರ ಹತ್ತಿರ ಬರಬೇಕು. ಬಂದದ್ದು 1120.

ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಆ ಮನೆಯ ಮಗುವಿಗೆ ಅಮ್ಮನ ಅಮ್ಮ ಅಜ್ಜಿಯೂ ಹೌದು, ಅಪ್ಪನ ಅಕ್ಕನೂ ಹೌದು. ಅಮ್ಮ ಕೊಟ್ಟ ಮಾಲೆಯಲ್ಲಿ ಅರ್ಧ ಆ ಅಜ್ಜಿಯದು. ಅಪ್ಪ ಕೊಟ್ಟ ಮಾಲೆಯಲ್ಲೂ ಅರ್ಧ ಆ ಅಜ್ಜಿಯ ಬಳಿ ಇರುವಂಥದ್ದೇ, ಅಕ್ಕ ತಮ್ಮ ಅಲ್ವಾ. ಎರಡೂ ಕಡೆ ಹೊಂದದೆ ಹೋಗುವ ಜಾಗ ಅರ್ಧದಲ್ಲಿ ಅರ್ಧ, ಅಂದರೆ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಹೊಂದುತ್ತದೆ. 3485ರ ಮುಕ್ಕಾಲು ಭಾಗ ಸುಮಾರು 2614. ಮೇಲೆ ಒಡಹುಟ್ಟಿದವರ ಸರಾಸರಿ ನೋಡಿ, 2613. ಒಟ್ಟು ಅಂಕಿ ಒಂದನ್ನೇ ನೋಡಿದರೆ ಅಜ್ಜಿ ಮೊಮ್ಮಗು ಅಕ್ಕ ತಮ್ಮನ ಥರ ಕಾಣುತ್ತಾರೆ. ಪರಿಚಯದ ಒಂದು ಮನೆಯಲ್ಲಿ ಇಂಥ ಅಂಕಿ ನೋಡಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಯಾವುದೋ ಮುಚ್ಚಿಟ್ಟ ವಿಷಯ ಹೊರಗೆ ಬಂತು ಅಂದುಕೊಂಡಿದ್ದರು. ನಾನು ಹೋಗಿ ಮಾಲೆಯ ಲೆಕ್ಕ ಬರೆದು ತೋರಿಸಿದ ಮೇಲೆ ಸಮಾಧಾನವಾಯಿತು. ದಯವಿಟ್ಟು ಇದನ್ನು ನೆನಪಿಡಿ: ಸೋದರಿಕೆ ಇರುವ ಮನೆಯಲ್ಲಿ ದೊಡ್ಡ ಅಂಕಿ ಬಂದರೆ ಯಾರ ಮೇಲೂ ಅನುಮಾನ ಪಡುವ ಮುಂಚೆ ಕೆಂಪು ಗೆರೆ ನೋಡಿ.

ಅಣ್ಣ ತಮ್ಮ ಇಬ್ಬರು ಅಕ್ಕ ತಂಗಿಯನ್ನು ಮದುವೆಯಾದ ಮನೆಗಳೂ ನಮ್ಮಲ್ಲಿ ಬಹಳ. ಆ ಎರಡು ಮನೆಯ ಮಕ್ಕಳು ಮಾಮೂಲಿ 12.5%ರ ಬದಲು ಸರಾಸರಿ 25% ಹಂಚಿಕೊಳ್ಳುತ್ತಾರೆ. ಅಂಕಿಗಳು ದೊಡ್ಡದಾದಾಗ ಸುಮ್ನೆ ಕೂಡಿಸಿದರೆ ಸ್ವಲ್ಪ ಜಾಸ್ತಿ ಬರುತ್ತದೆ, ಎರಡೂ ದಾರಿ ಒಂದೇ ಜಾಗದಲ್ಲಿ ಬೀಳುವುದರಿಂದ. ಚಿಕ್ಕ ಅಂಕಿಗಳಿಗೆ ಕೂಡಿಸುವುದೇ ಸಾಕು.

ನಿಮ್ಮ ಅಪ್ಪ ಅಮ್ಮನ ನಡುವೆ ಸಂಬಂಧ ಇತ್ತೇ ಎಂದು ಹಿರಿಯರಿಗೂ ಗೊತ್ತಿಲ್ಲದಿದ್ದರೆ ಜೆಡ್‌ಮ್ಯಾಚ್ ಎಂಬ ತಾಣದಲ್ಲಿ ಅದನ್ನೇ ನೋಡುವ ಒಂದು ಸಾಧನವಿದೆ. ಎರಡೂ ಮಾಲೆಯಲ್ಲಿ ಒಂದೇ ಹೂವು ಎಷ್ಟು ಉದ್ದ ಬಂದಿದೆ ಎಂದು ಅದು ತೋರಿಸುತ್ತದೆ. ಸೋದರಿಕೆಯಲ್ಲಿ ಮದುವೆಯಾಗಿ ಮಕ್ಕಳ ಬಗ್ಗೆ ಯೋಚಿಸುತ್ತಿರುವವರು ಇಂಥ ತಾಣದ ಅಂಕಿ ನೋಡಿ ಏನೂ ತೀರ್ಮಾನ ಮಾಡಬೇಡಿ, ಅದಕ್ಕೆ ಜೆನೆಟಿಕ್ ಕೌನ್ಸೆಲಿಂಗ್ ಮಾಡುವ ವೈದ್ಯರ ಹತ್ತಿರವೇ ಹೋಗಿ.

ಒಟ್ಟು ಅಂಕಿಗಿಂತ ಉದ್ದದ ತುಂಡು ನೋಡಿ

ಕೆಂಪು ಗೆರೆ ಎಳೆಯಲು ಗೊತ್ತೇ ಇರದ ಹಳೇ ಸಂಬಂಧಗಳೂ ನಮ್ಮಲ್ಲಿ ತುಂಬಾ ಇವೆ. ನಮ್ಮ ನಮ್ಮೊಳಗೇ ಮದುವೆ ಮಾಡಿಕೊಂಡು ಎಷ್ಟೋ ನೂರು ವರ್ಷ ಕಳೆದಿದೆ. 2017ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಸೇರಿ ಮಾಡಿದ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳ 2,800ಕ್ಕೂ ಹೆಚ್ಚು ಜನರ ಡಿಎನ್ಎ ನೋಡಿದ್ದರು. ಅದರಲ್ಲಿ 81 ಗುಂಪುಗಳು ಕೆಲವೇ ಪೂರ್ವಜರಿಂದ ಬೆಳೆದವು, ಅದೂ ಇದಕ್ಕೆ ಹೆಸರಾದ ಫಿನ್‌ಲ್ಯಾಂಡಿನವರು ಮತ್ತು ಅಶ್ಕೆನಾಜಿ ಯಹೂದಿಗಳಿಗಿಂತಲೂ ಗಾಢವಾಗಿ. ಇಂಥ ಕಡೆ ಇಬ್ಬರು ಅಪರಿಚಿತರ ನಡುವೆಯೂ ಹತ್ತಾರು ಚಿಕ್ಕ ತುಂಡುಗಳು ಹೊಂದುತ್ತವೆ.

ಹಾಗಾಗಿ ನಿಮ್ಮ ಪಟ್ಟಿಯ ಇಬ್ಬರ ಜೊತೆ ತಲಾ 90 ಇದೆ ಅಂದುಕೊಳ್ಳಿ. ಒಬ್ಬರಲ್ಲಿ ಒಂದೇ ತುಂಡು 60ರಷ್ಟು ಉದ್ದ. ಇನ್ನೊಬ್ಬರಲ್ಲಿ ಹತ್ತು ತುಂಡು, ಎಲ್ಲವೂ 12ಕ್ಕಿಂತ ಚಿಕ್ಕವು. ಮೊದಲನೆಯವರಿಗೆ ಫೋನ್ ಮಾಡಿ. ಎರಡನೆಯವರದು ಹಳೇ ಕಾಲದ ಬೆರಕೆ, ಹೆಸರು ಹುಡುಕಿದರೂ ಸಿಗುವುದು ಕಷ್ಟ. 7ಕ್ಕಿಂತ ಚಿಕ್ಕ ತುಂಡನ್ನು ಸಾಮಾನ್ಯವಾಗಿ ನಂಬುವುದಿಲ್ಲ. ನಾನು ನಮ್ಮ ಕಡೆಯವರಿಗೆ ಹೇಳುವುದು, ಉದ್ದದ ತುಂಡು 20 ದಾಟಿದವರಿಂದ ಶುರು ಮಾಡಿ. ಡಿಎನ್ಎ ಪೇಂಟರ್ ಎಂಬ ತಾಣದಲ್ಲಿ ಒಟ್ಟು ಅಂಕಿ ಹಾಕಿದರೆ ಯಾವ ಸಂಬಂಧಕ್ಕೆ ಎಷ್ಟು ಸಾಧ್ಯತೆ ಎಂದು ತೋರಿಸುತ್ತದೆ. ಒಳ್ಳೆಯ ಸಾಧನ, ನಾನೂ ಬಳಸುತ್ತೇನೆ. ಆದರೆ ಅದಕ್ಕೆ ನಿಮ್ಮ ಕೆಂಪು ಗೆರೆ ಗೊತ್ತಿಲ್ಲ. ಅದು ಹೇಳಿದ್ದಕ್ಕಿಂತ ಒಂದು ಹೆಜ್ಜೆ ದೂರ ಎಂದೇ ಇಟ್ಟುಕೊಂಡು ಹುಡುಕಿ.

ಅಜ್ಜಿಯ ಚಿಕ್ಕಮ್ಮ

ನನ್ನ ಪಟ್ಟಿಯಲ್ಲಿ ಚಿಕ್ಕಮಗಳೂರು ಕಡೆಯ ಒಬ್ಬರು ಇದ್ದರು. ನನಗೂ ಅವರಿಗೂ 140. ಚಾರ್ಟ್ ಪ್ರಕಾರ ತಾತ ಅಜ್ಜಿಯ ಒಡಹುಟ್ಟಿದವರ ಕಡೆಯವರು ಆಗಿರಬೇಕು. ನಮ್ಮ ತಾತ ಅಜ್ಜಿಯರ ಒಡಹುಟ್ಟಿದವರೆಲ್ಲ ಗೊತ್ತು, ಅವರಲ್ಲಿ ಈ ಹೆಸರೇ ಇಲ್ಲ. ತುಂಬಾ ದಿನ ಅಲ್ಲೇ ನಿಂತೆ.

ಆಮೇಲೆ ಅಜ್ಜಿಯ, ಅಂದರೆ ಅಪ್ಪನ ಅಮ್ಮನ, ಕೆನ್ನೆಯಿಂದ ಸ್ಯಾಂಪಲ್ ಕಳಿಸಿದೆವು. ಅಜ್ಜಿಗೂ ಅವರಿಗೂ 238. ಅಜ್ಜಿಯಿಂದ ನನಗೆ ಒಂದೇ ದಾರಿಯಲ್ಲಿ ಇಳಿದಿದ್ದರೆ ಅದು 60ರ ಹತ್ತಿರ ಆಗಬೇಕಿತ್ತು. ನನ್ನಲ್ಲಿ 140 ಇದೆ. ಅಂದರೆ ಎರಡು ದಾರಿ. ಅಜ್ಜಿಯಿಂದ ಅಪ್ಪನ ಮೂಲಕ ಒಂದು, ಅಜ್ಜಿಯ ಅಣ್ಣನಿಂದ ಅಮ್ಮನ ಮೂಲಕ ಇನ್ನೊಂದು. ಮುತ್ತಜ್ಜಿಯ ತಂಗಿಯ ಮರಿಮಕ್ಕಳ ಸಂಬಂಧಕ್ಕೆ ಸರಾಸರಿ 73, ಎರಡು ಸಲ ಕೂಡಿಸಿದರೆ 146. ಇನ್ನು ಒಬ್ಬರಿಗೂ ಅವರ ಚಿಕ್ಕಮ್ಮನ ಮಗಳ ಮೊಮ್ಮಗುವಿಗೂ ಸರಾಸರಿ 221, ಅಜ್ಜಿಗೆ ಬಂದದ್ದು 238. ಎರಡು ಅಂಕಿಯೂ ಅಜ್ಜಿಯ ಚಿಕ್ಕಮ್ಮನ ಕಡೆಗೇ ಬೆರಳು ತೋರಿಸುತ್ತಿದ್ದವು.

ಯಾವ ಕಡೆಯವರು ಎಂದು ಗಟ್ಟಿ ಮಾಡಿಕೊಳ್ಳಲು ಇನ್ನೊಂದು ಕೆಲಸ ಮಾಡಿ. ಗೊತ್ತಿರುವ ಇಬ್ಬರು ಮೂವರು ನೆಂಟರಿಗೆ ಪರೀಕ್ಷೆ ಮಾಡಿಸಿ, ಹೊಸಬರು ಅವರಲ್ಲಿ ಯಾರಿಗೆ ಹೊಂದುತ್ತಾರೆ ನೋಡಿ. ನಮ್ಮ ಹೊಸಬರು ಅಪ್ಪನ ಸೋದರತ್ತೆಯ ಮಗನಿಗೆ ಹೊಂದಲಿಲ್ಲ. ಹಾಗಾಗಿ ಅಪ್ಪನ ಅಪ್ಪನ ಕಡೆಯನ್ನು ಬದಿಗಿಟ್ಟೆವು.

ಕೇಳಿ, ಒಪ್ಪಿಸಿ, ಆಮೇಲೆ ಮಾಡಿಸಿ

ಅಜ್ಜಿಗೆ ಏನು ಮಾಡುತ್ತಿದ್ದೇವೆ ಎಂದು ಅವರ ಮಾತಿನಲ್ಲೇ ಹೇಳಿ ಒಪ್ಪಿಗೆ ಪಡೆಯಿರಿ. ಬೇಡ ಅಂದರೆ ಬಿಟ್ಟುಬಿಡಿ. ದತ್ತು ಹೋದವರು, ಹೇಳದೆ ಉಳಿದ ವಿಷಯಗಳು ಪ್ರತಿ ಮನೆಯಲ್ಲೂ ಇರಬಹುದು. ಬಂದದ್ದನ್ನು ಯಾರಿಗೆ ಹೇಳುತ್ತೀರಿ, ಯಾರಿಗೆ ಹೇಳುವುದಿಲ್ಲ ಎಂದು ಮೊದಲೇ ಮಾತಾಡಿಕೊಳ್ಳಿ. ಮಾಹಿತಿ ಸೋರುವ ಅಪಾಯವೂ ಇದೆ. 2023ರಲ್ಲಿ ಇಂಥದ್ದೇ ಪರೀಕ್ಷೆ ಮಾಡುವ ಟ್ವೆಂಟಿತ್ರೀ ಅಂಡ್ ಮೀ ಕಂಪನಿಯ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಕೈ ಸೇರಿತು, 2025ರಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ನಿಜವಾದ ಹೆಸರಿನ ಬದಲು ಇನಿಷಿಯಲ್ ಹಾಕಿ. ಕೆಲಸ ಮುಗಿದ ಮೇಲೆ ಡೇಟಾ ಅಳಿಸುವುದು ಹೇಗೆ ಎಂದು ಮೊದಲ ದಿನವೇ ನೋಡಿಟ್ಟುಕೊಳ್ಳಿ. ಆಸ್ತಿ ವ್ಯಾಜ್ಯಕ್ಕೆ ಈ ರಿಪೋರ್ಟ್ ನಂಬಿಕೊಂಡು ಹೋಗಬೇಡಿ. ಮನೆಯಲ್ಲಿ ಕೂತು ತೆಗೆದ ಸ್ಯಾಂಪಲ್ ಯಾರದು ಎಂಬುದಕ್ಕೇ ಸಾಕ್ಷಿ ಇರುವುದಿಲ್ಲ.

ಮೊದಲ ಮೆಸೇಜ್

ಅಪರಿಚಿತರಿಗೆ ಬರೆಯುವಾಗ ಸೆಂಟಿಮಾರ್ಗನ್ ವಿಷಯ ಎತ್ತಬೇಡಿ. ನಮ್ಮ ಹಿರಿಯರು ಬಸ್ಸಿನಲ್ಲಿ ಪಕ್ಕ ಕೂತವರನ್ನು ಕೇಳುವುದನ್ನೇ ಕೇಳಿ. ನಿಮ್ಮ ಮನೆದೇವರು ಯಾವುದು? ತಾತ ಅಜ್ಜಿಯ ಮೂಲ ಊರು ಯಾವುದು? ಅಜ್ಜಿಯ ತವರು ಎಲ್ಲಿ? ಆ ಕಡೆ ಯಾರಿಗೆ ಕೊಟ್ಟಿದ್ದೀರಿ, ಯಾರಿಂದ ತಂದಿದ್ದೀರಿ? ನಾನು ಇದಕ್ಕೆ ಒಂದು ಪ್ರಶ್ನೆ ಸೇರಿಸಿದ್ದೆ: ನಿಮ್ಮ ಮನೆಯವರ ಊರು ಏನಾದರೂ ಗೊರೂರಿನ ಮುಳುಗಡೆಗೆ ಹೋಗಿತ್ತಾ?

ಮೂರು ವಾರ ಉತ್ತರವಿರಲಿಲ್ಲ. ಆಮೇಲೆ ಒಂದು ಭಾನುವಾರ ಉತ್ತರ ಬಂತು. ಹೌದು, ಅವರ ಅಜ್ಜಿಯ ಊರು ಮುಳುಗಿದೆ. ಊರಿನ ಹೆಸರು ಅದೇ. ಮುಯ್ಯಿ ಪುಸ್ತಕ ತೆಗೆದು ನೋಡಿದೆ. ನಮ್ಮಜ್ಜಿಯ ಮದುವೆಗೆ ಆ ಮನೆಯಿಂದ ಐದು ರೂಪಾಯಿ, ಒಂದು ಹಿತ್ತಾಳೆ ತಪ್ಪಲೆ ಎಂದು ಬರೆದಿತ್ತು. ಪಕ್ಕದಲ್ಲಿ ಚಿಕ್ಕಮ್ಮನ ಯಜಮಾನರ ಹೆಸರು.

ಆ ಚಿಕ್ಕಮ್ಮ ಈಗಿಲ್ಲ. ಅವರ ಮಗಳು, ಅಂದರೆ ನಮ್ಮಜ್ಜಿಗೆ ತಂಗಿಯಾಗಬೇಕಾದವರು, ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಅವರು ಒಪ್ಪಿದ್ದಾರೆ, ಕಿಟ್ ಬಂದಿದೆ. 866ರ ಆಸುಪಾಸು ಬರಬೇಕು. ಅಜ್ಜಿಗೆ ಅಂಕಿ ಬೇಕಾಗಿಲ್ಲ, ಕಾರು ಯಾವತ್ತು ಬರುತ್ತದೆ ಎಂದು ದಿನಾ ಕೇಳುತ್ತಿದ್ದಾರೆ.